ಬಿಗ್ ಬಜಾರ್ ಮುಚ್ಚಿ ವರ್ಷಗಳಾದವು. ಅಮ್ಮ ಕಟ್ಟಿಟ್ಟ ಹಳೆಯ ಬಿಲ್ಲುಗಳನ್ನು ಎಸೆಯಬಹುದೇ?

ಬಿಸ್ಕತ್ತಿನ ಡಬ್ಬಿಯೊಳಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ಬಿಲ್ಲುಗಳು, 2008ರಿಂದ 2014ರವರೆಗಿನವು. ಚಿಕ್ಕವರಿದ್ದಾಗ ನೀವೂ ಅಮ್ಮನ ಜೊತೆ ಆ ಅಂಗಡಿಗೆ ಹೋಗುತ್ತಿದ್ದಿರಿ. ಈಗ ಅಮ್ಮ ನಿಮ್ಮ ಮನೆಗೆ ಬಂದಿದ್ದಾರೆ, ಜಾಗ ಕಡಿಮೆ, ಅಂಗಡಿಯೇ ಇಲ್ಲವಾದ ಮೇಲೆ ಅದರ ಬಿಲ್ಲು ಯಾಕೆ, ಫೋಟೋ ತೆಗೆದು ಎಸೆದರೆ ತಪ್ಪೇ ಎಂದು ಕೇಳಿದ್ದೀರಿ. ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಎರಡು ಗೋಣಿಚೀಲ.

ನಮ್ಮದು ಪುತ್ತೂರಿನ ಹತ್ತಿರ ಅಡಿಕೆ ತೋಟದ ಮನೆ. ವರ್ಷಕ್ಕೆ ಮೂರೋ ನಾಲ್ಕೋ ಬಾರಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿ ಮಂಗಳೂರಿಗೆ ಹೋಗುತ್ತಿದ್ದೆವು. ಬಿಜೈ ನಿಲ್ದಾಣದಲ್ಲಿ ಇಳಿದು ರಸ್ತೆ ದಾಟಿದರೆ ಭಾರತ್ ಮಾಲ್, ಅದರೊಳಗೆ ಬಿಗ್ ಬಜಾರ್. ಚಲಿಸುವ ಮೆಟ್ಟಿಲನ್ನು ನಾನು ಮೊದಲು ಕಂಡದ್ದು ಅಲ್ಲಿ. ಅಮ್ಮ ಒಂದು ಕೈಯಲ್ಲಿ ಸೀರೆಯ ನೆರಿಗೆಯನ್ನೂ ಇನ್ನೊಂದರಲ್ಲಿ ನನ್ನ ಅಂಗಿಯ ಕಾಲರನ್ನೂ ಹಿಡಿದು, ಎರಡು ಮೆಟ್ಟಿಲು ಮುಂದೆ ಹೋಗಲಿ ಎಂದು ಬಿಟ್ಟು, ಮೂರನೆಯದಕ್ಕೆ ಕಾಲಿಡುತ್ತಿದ್ದರು. ಒಳಗೆ ಹೋದರೆ ಮೈ ತಂಪು. ಅಕ್ಕಿ, ಬೇಳೆ, ಕಡಲೆಗಳನ್ನು ತೆರೆದ ತೊಟ್ಟಿಗಳಲ್ಲಿ ಸುರಿದಿಟ್ಟಿರುತ್ತಿದ್ದರು. ಅಮ್ಮ ಮೊಣಕೈವರೆಗೆ ಕೈ ಹಾಕಿ ಅಕ್ಕಿಯನ್ನು ಮೇಲೆತ್ತಿ, ಬೆರಳ ಸಂದಿಯಿಂದ ಜಾರಿಸಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದರು. ಯಾರೂ ಬೇಡ ಎನ್ನುತ್ತಿರಲಿಲ್ಲ.

ಅದು ಆಕಸ್ಮಿಕವಲ್ಲ ಎಂದು ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ. 2001ರಲ್ಲಿ ಆ ಮಳಿಗೆಗಳನ್ನು ಆರಂಭಿಸಿದ ಕಿಶೋರ್ ಬಿಯಾನಿಯವರು ಬೇಕೆಂದೇ ಓಣಿಗಳನ್ನು ಇಕ್ಕಟ್ಟಾಗಿ, ಸಾಮಾನುಗಳನ್ನು ರಾಶಿರಾಶಿಯಾಗಿ ಇಡಿಸಿದ್ದರಂತೆ. ಥಳಥಳ ಹೊಳೆಯುವ, ಖಾಲಿ ಖಾಲಿಯಾದ ಅಂಗಡಿಯೊಳಗೆ ಕಾಲಿಡಲು ಹಿಂಜರಿಯುವ ಜನ ಸಂತೆಯಂತಹ ಗದ್ದಲದಲ್ಲಿ ನಿರಾಳವಾಗುತ್ತಾರೆ ಎಂಬುದು ಅವರ ಲೆಕ್ಕ. ಚೆನ್ನೈಯ ಟಿ. ನಗರದ ಶರವಣ ಸ್ಟೋರ್ಸ್ ನೋಡಿ ಕಲಿತದ್ದು ಬಹಳ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಲೆಕ್ಕ ನಮ್ಮ ಅಮ್ಮನ ವಿಷಯದಲ್ಲಿ ಪೂರ್ತಿ ಸರಿಯಾಗಿತ್ತು. ಪುತ್ತೂರಿನ ದಿನಸಿ ಅಂಗಡಿಯ ದರಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಒಂದೊಂದನ್ನೂ ಹೋಲಿಸಿ ನೋಡುತ್ತಿದ್ದರು. ಎರಡು ರೂಪಾಯಿ ಹೆಚ್ಚಿದ್ದರೆ ಮುಟ್ಟುತ್ತಿರಲಿಲ್ಲ. ರಿಯಾಯಿತಿಯ ಆಸೆಗೆ ಬಿದ್ದು ನಮ್ಮ ತಂದೆ ತಾಯಿ ಮೋಸ ಹೋಗುತ್ತಿದ್ದರು ಎಂದು ನಿಮ್ಮ ಪ್ರಶ್ನೆಯ ನಡುವೆ ಒಂದು ಸಾಲು ಬರೆದಿದ್ದೀರಿ. ನಾನು ಅದನ್ನು ಒಪ್ಪುವುದಿಲ್ಲ. ಆ ಬಿಲ್ಲುಗಳನ್ನು ಒಮ್ಮೆ ಕೂತು ಓದಿ, ಆಮೇಲೆ ಹೇಳಿ.

ಈಗ ಗೋಣಿಚೀಲಗಳ ವಿಷಯ. ಬೇಸಿಗೆಯ ಹೊತ್ತಿಗೆ ಅಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ಮೇಳ ನಡೆಯುತ್ತಿತ್ತು, ನಿಮಗೂ ನೆನಪಿರಬಹುದು. ಹಳೆಯ ಬಟ್ಟೆ, ಪಾತ್ರೆ, ಪ್ಲಾಸ್ಟಿಕ್, ಪತ್ರಿಕೆ, ಏನು ತಂದರೂ ತೂಕ ಮಾಡಿ, ಗುಜರಿಯವರು ಕೊಡುವುದಕ್ಕಿಂತ ಎಷ್ಟೋ ಹೆಚ್ಚಿನ ದರದಲ್ಲಿ ಕೂಪನ್ ಕೊಡುತ್ತಿದ್ದರು. ಆ ಕೂಪನ್ ಬಳಸಬೇಕಾದರೆ ಅದರ ಮೊತ್ತದ ಹಲವು ಪಟ್ಟು ಸಾಮಾನು ಕೊಳ್ಳಬೇಕು, ಅದೂ ಹೇಳಿದ ದಿನದೊಳಗೆ. ನಿಯಮವನ್ನು ದೊಡ್ಡದಾಗಿ ಬರೆದು ಹಾಕಿದ್ದರು, ಅಂಗಡಿಯ ಕಡೆಯಿಂದ ಮುಚ್ಚುಮರೆ ಏನೂ ಇರಲಿಲ್ಲ.

2010ರಲ್ಲಿ ನಾನು ಏಳನೆಯ ತರಗತಿ. ಹಿಂದಿನ ಬಾರಿ ಹೋದಾಗ ಕಂಡಿದ್ದ ನೀಲಿ ಶಾಲಾ ಚೀಲವೊಂದು ತಲೆಯಲ್ಲಿ ಕೂತುಬಿಟ್ಟಿತ್ತು. ಕೂಪನ್ ಹೆಚ್ಚು ಬಂದರೆ ಚೀಲವನ್ನೂ ಸೇರಿಸಿಕೊಳ್ಳೋಣ ಎಂದು ಅಮ್ಮ ಹೇಳಿದ್ದರು. ಮನೆಯಲ್ಲಿದ್ದ ಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟರೆ 11 ಕಿಲೋ. ಸಾಲದು ಎನಿಸಿತು. ಅಟ್ಟಕ್ಕೆ ಹತ್ತಿದೆ.

ಆಗ ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವು ಅದರ ಬಾಗಿಲಲ್ಲೇ ನಿಂತಿದ್ದೀರಿ.

ನಮ್ಮ ಅಡುಗೆಮನೆಯ ಒಲೆಯ ಮೇಲ್ಗಡೆ ಅಟ್ಟವಿತ್ತು. ಬೇಡದ್ದನ್ನು ಅಟ್ಟಕ್ಕೆ ಹಾಕುತ್ತಾರೆ ಎಂದು ನಾನು ತಿಳಿದಿದ್ದೆ. ಶಾಲೆಯ ಗೆಳೆಯರ ತಾರಸಿ ಮನೆಗಳಲ್ಲಿ ಹಾಗೆಯೇ ಇತ್ತು: ಮುರಿದ ಕುರ್ಚಿ, ಹರಿದ ಕೊಡೆ, ಕೆಟ್ಟ ರೇಡಿಯೋ. ನಮ್ಮ ಮನೆಯಲ್ಲಿ ಅದರ ಅರ್ಥ ನೇರ ತಿರುಗುಮುರುಗು. ಹೆಚ್ಚುಕಡಿಮೆ 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕಪಾಟಿನೊಳಗಿನ ಕಾಗದ ಆಟಿ ತಿಂಗಳು (ಜುಲೈ-ಆಗಸ್ಟ್‌ನ ಜಡಿಮಳೆಯ ತುಳು ತಿಂಗಳು) ಕಳೆಯುವಷ್ಟರಲ್ಲಿ ಬೂಸಲು ಹಿಡಿಯುತ್ತದೆ, ಗೆದ್ದಲು ಬರುತ್ತದೆ. ಒಲೆಯ ಬಿಸಿಯೂ ಹೊಗೆಯೂ ತಾಗುವ ಅಟ್ಟ ಮಾತ್ರ ಒಣಗಿರುತ್ತದೆ. ಬೀಜದ ಬುಟ್ಟಿ ಅಲ್ಲಿ, ಹುಣಸೆಹಣ್ಣಿನ ಭರಣಿ ಅಲ್ಲಿ, ಜಾಗದ ದಾಖಲೆಗಳ ಟ್ರಂಕ್ ಅಲ್ಲಿ. ಮನೆಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಉಳಿಯಬೇಕಾದದ್ದು ಅಲ್ಲಿರುತ್ತಿತ್ತು. ಹುಟ್ಟಿದಂದಿನಿಂದ ಆ ಅಟ್ಟದ ಕೆಳಗೆ ಊಟ ಮಾಡಿದ ನಾನು ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಅಲ್ಲಿ ಸಾಲಾಗಿ ಕೂತಿದ್ದವು ಅಜ್ಜನ ಪುಸ್ತಕಗಳು. ಬಟ್ಟೆಯ ಬೆನ್ನಿನ, ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕಗಳು. ವರ್ಷಕ್ಕೊಂದರಂತೆ 1971ರಿಂದ 2009ರವರೆಗೆ ಮೂವತ್ತೊಂಬತ್ತು. ಒಂದನ್ನು ಬಿಡಿಸಿ ನೋಡಿದೆ. ಅಕ್ಷರವೇ ಇಲ್ಲ, ಬರೀ ಅಂಕಿ. 24, 61, 8, ಸೊನ್ನೆ, ಸೊನ್ನೆ, 112. ಓದುವುದಕ್ಕೆ ಏನೂ ಇಲ್ಲದ ಪುಸ್ತಕ ಯಾರಿಗೆ ಬೇಕು ಎಂದುಕೊಂಡೆ. ರಟ್ಟು ಇದ್ದದ್ದರಿಂದ ತೂಕ ಚೆನ್ನಾಗಿ ಬರುತ್ತದೆ ಎಂದೂ ಎಣಿಸಿದೆ. ಅಜ್ಜ ಆಗ ಸುಳ್ಯದಲ್ಲಿ ಅತ್ತೆಯ ಮನೆಗೆ ಹೋಗಿದ್ದರು. "ಇದೆಲ್ಲ ಯಾವ ಪುಸ್ತಕ?" ಎಂದು ಅಮ್ಮ ಕೇಳಿದರು. "ಹಳೆ ಲೆಕ್ಕದ್ದು. ಅಜ್ಜನೇ ಅಟ್ಟಕ್ಕೆ ಹಾಕಿದ್ದು," ಎಂದೆ. ಎರಡೂ ವಾಕ್ಯ ನಿಜ. ಅಜ್ಜನನ್ನು ಕೇಳಿದೆಯಾ ಎಂದು ಅಮ್ಮ ಕೇಳಲಿಲ್ಲ. ಅತ್ತೆಯ ಮನೆಯಲ್ಲಿ ದೂರವಾಣಿ ಇತ್ತು, ನಮ್ಮಲ್ಲೂ ಇತ್ತು. ಒಂದು ಕರೆ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ, ಏಕೆಂದರೆ ಕೇಳಿದರೆ ಬೇಡ ಎನ್ನಬಹುದು ಎಂಬ ಅನುಮಾನ ಒಳಗೆಲ್ಲೋ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು.

ಎರಡು ಗೋಣಿ ತುಂಬಿತು. ನಿರ್ವಾಹಕರು ಲಗೇಜ್ ಟಿಕೆಟ್ ಹರಿದು ಕೊಟ್ಟರು. ಮಂಗಳೂರಿನಲ್ಲಿ ತೂಕವಾಯಿತು, ಕೂಪನ್ ಬಂತು, ನೀಲಿ ಚೀಲ ಬಂತು. ಒಳ್ಳೆಯ ಚೀಲ, ಹತ್ತನೆಯ ತರಗತಿಯವರೆಗೂ ಬಾಳಿತು. ಅಷ್ಟೂ ಕೂಪನ್‌ಗೆ ತಕ್ಕಷ್ಟು ಕೊಳ್ಳುವ ದುಡ್ಡು ನಮ್ಮಲ್ಲಿ ಇರಲಿಲ್ಲವಾದ್ದರಿಂದ ಮೂರು ಕೂಪನ್ ಉಳಿದು ಅವಧಿ ಮೀರಿತು.

ಮೇ ಕೊನೆಯ ವಾರ ಅಜ್ಜ ಏಣಿ ಇಟ್ಟರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಳೆಯ ಪುಸ್ತಕಗಳನ್ನು ಇಳಿಸಿ, ಧೂಳು ಒರೆಸಿ, ಹೊಸ ಪುಸ್ತಕಕ್ಕೆ ಗೆರೆ ಹಾಕುವುದು ಅವರ ಪದ್ಧತಿ. ಅಂಗಳದ ಮೂಲೆಯ ಮಳೆಮಾಪಕದಿಂದ ಬೆಳಿಗ್ಗೆ ಎಂಟೂವರೆಗೆ ನೀರನ್ನು ಗಾಜಿನ ಅಳತೆಪಾತ್ರೆಗೆ ಬಗ್ಗಿಸಿ ನೋಡಿ ಮೂರು ಅಂಕಿ ಬರೆಯುತ್ತಿದ್ದರು: ಆ ದಿನದ ಮಳೆ, ಆ ವರ್ಷದ ಅಂದಿನವರೆಗಿನ ಒಟ್ಟು, ಹಿಂದಿನ ವರ್ಷ ಅದೇ ದಿನಕ್ಕೆ ಇದ್ದ ಒಟ್ಟು. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವಲ್ಲ, ನಮ್ಮ ಕಡೆ ಮದ್ದು ಬಿಡುವುದು ಎನ್ನುತ್ತಾರೆ. ಮೊದಲನೆಯ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು ನಲವತ್ತು ನಲವತ್ತೈದು ದಿನಗಳ ಮೇಲೆ. ಎರಡನೆಯದಕ್ಕೆ ಜುಲೈ ಮಳೆಯ ನಡುವೆ ಒಂದೆರಡು ಒಣ ದಿನ ಸಿಗಬೇಕು. ಆ ದಿನ ಯಾವಾಗ ಸಿಗಬಹುದು ಎಂದು ಅಜ್ಜ ಪುಸ್ತಕಗಳನ್ನು ಹರಡಿಕೊಂಡು ಅಂದಾಜು ಮಾಡುತ್ತಿದ್ದರು. ನೆರೆಮನೆಯವರೂ ಬಂದು ಕೇಳಿಕೊಂಡು ಹೋಗುತ್ತಿದ್ದರು. ಇದನ್ನೆಲ್ಲ ನೋಡಿಯೇ ಬೆಳೆದವನು ನಾನು. ಅಟ್ಟದ ಮೇಲಿದ್ದದ್ದು ಅದೇ ಪುಸ್ತಕಗಳು ಎಂದು ಮಾತ್ರ ಹೊಳೆಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅಪ್ಪನೂ ಅಜ್ಜನೂ ಮಂಗಳೂರಿಗೆ ಹೋದರು. ಅಂಗಡಿಯವರು ಕೂರಿಸಿ ಪೂರ್ತಿ ಕೇಳಿಸಿಕೊಂಡರಂತೆ, ಎಲ್ಲಿಗೋ ಫೋನ್ ಕೂಡ ಮಾಡಿದರಂತೆ. ಎರಡು ತಿಂಗಳು ಕಳೆದಿತ್ತು. ಕಾಗದ ಅರೆದು ತಿರುಳಾಗಿ ಎಷ್ಟೋ ದಿನವಾಗಿತ್ತು. ರಾತ್ರಿ ಅಜ್ಜ ನನ್ನನ್ನು ಒಂದೇ ಮಾತು ಕೇಳಿದರು: "ಒಳಗೆ ಬಿಡಿಸಿ ನೋಡಿದ್ದೆಯಾ?"

"ನೋಡಿದ್ದೆ," ಎಂದೆ.

ನೋಡಿರಲಿಲ್ಲ ಎಂದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಅವರು ಅಳೆಯುವುದನ್ನು ನಿಲ್ಲಿಸಲಿಲ್ಲ. 2010ರ ಪುಸ್ತಕ ನನ್ನ ಹತ್ತಿರ ಇದೆ. ಜೂನ್‌ನಿಂದ ವರ್ಷದ ಕೊನೆಯವರೆಗೆ ಮೂರನೆಯ ಅಂಕಣ ಖಾಲಿ. ಗೆರೆ ಎಳೆದಿದ್ದಾರೆ, ಮೇಲೆ 2009 ಎಂದು ಬರೆದಿದ್ದಾರೆ, ಕೆಳಗೆ ಏನೂ ಇಲ್ಲ.

2016ರಲ್ಲಿ ಅಜ್ಜ ತೀರಿಕೊಂಡರು. 2018ರ ಆಗಸ್ಟ್‌ನಲ್ಲಿ ಕೊಡಗು, ಸುಳ್ಯದ ಕಡೆ ಗುಡ್ಡ ಜರಿದಾಗ ನಮ್ಮ ಜಗಲಿಯಲ್ಲಿ ಕೂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದು 1974ಕ್ಕಿಂತ ಹೆಚ್ಚೋ ಕಡಿಮೆಯೋ? ನೇತ್ರಾವತಿ ಉಕ್ಕಿ ಬಂಟ್ವಾಳ ಮುಳುಗಿದ ವರ್ಷ ಅದು. ನಮ್ಮ ಕಡೆ ನೆರೆಗೆ ಅದೇ ಅಳತೆಗೋಲು. ಅಪ್ಪ ಮಾತಿನ ನಡುವೆ ಎದ್ದು ಅಡುಗೆಮನೆಯ ಕಡೆಗೆ ನಾಲ್ಕು ಹೆಜ್ಜೆ ಹೋದವರು ಹಾಗೆಯೇ ಹಿಂದೆ ಬಂದು ಕೂತರು. 1974ರ ಆ ದಿನಗಳಲ್ಲಿ ನಮ್ಮ ಅಂಗಳದಲ್ಲಿ ಎಷ್ಟು ಮಳೆ ಸುರಿದಿತ್ತು ಎಂದು ಅಳೆದಿಟ್ಟ ಅಂಕಿ ಒಂದೇ ಒಂದು ಕಡೆ ಇತ್ತು.

ಆದ್ದರಿಂದ, ಎಸೆಯಬೇಕೇ ಉಳಿಸಬೇಕೇ ಎಂಬ ನಿಮ್ಮ ಪ್ರಶ್ನೆಯೇ ತಪ್ಪು ಎಂದು ಹೇಳುತ್ತೇನೆ. ಡಬ್ಬಿ ನಿಮ್ಮದಲ್ಲ. ಅದನ್ನು ನೆನಪಿನ ವಸ್ತು ಎಂದು ನೀವು ಕರೆದಿದ್ದೀರಿ; ಅಮ್ಮ ಅದನ್ನು ಏನೆಂದು ಕರೆಯುತ್ತಾರೆ ಎಂದು ಎಲ್ಲೂ ಬರೆದಿಲ್ಲ. ನನ್ನ ಅಮ್ಮನೂ ಬಿಲ್ಲು ಇಡುತ್ತಿದ್ದರು, ಹಿಂದಿನ ವರ್ಷದ ಎಣ್ಣೆಯ ದರ ನೋಡಲು. ಅಜ್ಜನ ಮೂರನೆಯ ಅಂಕಣದ ಕೆಲಸವೇ ಅದು. ನಿಮ್ಮ ಅಮ್ಮನ ಲೆಕ್ಕ ಬೇರೆಯೇ ಇರಬಹುದು. ನಾನು ಊಹಿಸಲಾರೆ, ನೀವೂ ಊಹಿಸಬೇಡಿ.

ಫೋಟೋ ಸಾಕು ಎನ್ನುವ ಸಲಹೆ ನಿಮಗೆ ಬೇಕಾದಷ್ಟು ಸಿಗುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ತಡಮಾಡುವ ಹಾಗೂ ಇಲ್ಲ: ಆ ಬಿಲ್ಲುಗಳು ಶಾಖಕ್ಕೆ ಕಪ್ಪಾಗುವ ಕಾಗದದವು, ಬಿಸಿಲು ತಾಗಿದರೆ ಅಚ್ಚು ಮಾಸುತ್ತದೆ. ಈಗಾಗಲೇ ಅರ್ಧ ಅಳಿಸಿರಬಹುದು. ಸಾಮಾನ್ಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಆ ಬಿಸಿಗೆ ಇಡೀ ಬಿಲ್ಲು ಕಪ್ಪಾಗುತ್ತದೆ. ಪ್ಲಾಸ್ಟಿಕ್ ಲಕೋಟೆಯೂ ಬೇಡ, ಕಾಗದದ್ದಿರಲಿ. ಜೆರಾಕ್ಸ್ ಪ್ರತಿಯ ಹಿಂದೆ ಅಮ್ಮ ಹೇಳಿದ್ದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ: ಯಾರ ಮದುವೆಗೆ ಕೊಂಡ ಸ್ಟೀಲ್ ಡಬ್ಬಿ, ಯಾವ ವರ್ಷದ ಶಾಲೆಯ ಬೂಟು. ಅಂಗಡಿಯ ಖಾಲಿ ಚೀಲಗಳನ್ನೂ ಇಟ್ಟಿದ್ದೀರಿ ಎಂದಿರಿ. ಅವು ನಿಮ್ಮವೇ ಆದರೆ ಧೈರ್ಯವಾಗಿ ಎಸೆಯಿರಿ.

ಮಳಿಗೆ ಇದ್ದ ಜಾಗಕ್ಕೆ ಹೋಗಿ ನೋಡಲೇ ಎಂದೂ ಕೇಳಿದ್ದೀರಿ. 2022ರಲ್ಲಿ ರಿಲಯನ್ಸ್ ಆ ಮಳಿಗೆಗಳನ್ನು ವಶಕ್ಕೆ ತೆಗೆದುಕೊಂಡ ಮೇಲೆ ಹಲವು ಕಡೆ ಸ್ಮಾರ್ಟ್ ಬಜಾರ್ ಬಂತು. ಹೋಗಬಹುದು, ಆದರೆ ಒಬ್ಬರೇ ಹೋಗಬೇಡಿ, ಅಮ್ಮನಿಗೆ ನಡೆಯಲು ಆಗುವುದಾದರೆ ಕರೆದುಕೊಂಡು ಹೋಗಿ. ನಾನು ಒಬ್ಬನೇ ಮಾಲ್‌ವರೆಗೆ ಹೋಗಿ ಒಳಗೆ ಕಾಲಿಡದೆ ಬಸ್ ಹತ್ತಿದವನು.

ಮೊದಲು ಇವತ್ತು ರಾತ್ರಿ ಊಟವಾದ ಮೇಲೆ ಡಬ್ಬಿಯನ್ನು ಅಮ್ಮನ ಮುಂದಿಟ್ಟು ಕೇಳಿ. ಕೇಳುವವರೆಗೆ ರಬ್ಬರ್ ಬ್ಯಾಂಡನ್ನೂ ಬಿಚ್ಚಬೇಡಿ. ಅವರೇ ಎಸೆದುಬಿಡು ಎಂದರೆ ಎಸೆಯಿರಿ, ಅದರಲ್ಲಿ ನನ್ನ ತಕರಾರು ಏನೂ ಇಲ್ಲ.