ಬೋರ್ ರೇಟು, ಕೇಸಿಂಗ್ ರೇಟು ಮತ್ತು ಹಿಮದ ಬೆಟ್ಟ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನನ್ನ ಊರು ಕುಷ್ಟಗಿ ಕಡೆ. ಗಂಗಾವತಿಯಲ್ಲಿ ಶಾಲಾ ಶಿಕ್ಷಕಿ. ಭಾನುವಾರ ಬಂದರೆ ಸಾಣಾಪುರದ ಬಂಡೆ ಹತ್ತುವ ಹುಚ್ಚು. ಹೋದ ವರ್ಷ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗಿ ಬಂದೆ. ಈಗ ಲಡಾಖಿನ ಕಾಂಗ್ ಯಾತ್ಸೆ-2 ಶಿಖರ ಹತ್ತುವ ಆಸೆ. ಎರಡು ಕಂಪನಿ ನೋಡಿಟ್ಟಿದ್ದೇನೆ. ಒಂದು 48 ಸಾವಿರ, 7 ದಿನ, ‘ಅನುಭವ ಬೇಕಿಲ್ಲ’ ಅಂತಾರೆ. ಇನ್ನೊಂದು 85 ಸಾವಿರ, 11 ದಿನ. ದಾಳಿಂಬೆ ದುಡ್ಡಿನಲ್ಲಿ ಕೊಡ್ತೀನಿ ಅಂತ ಅಪ್ಪ ಒಪ್ಪಿದ್ದಾರೆ. ಆದರೆ ‘ಜೀವಕ್ಕೆ ಗ್ಯಾರಂಟಿ ಕೊಡೋ ಕಂಪನಿ ಯಾವುದು ಕೇಳು’ ಅಂದರು. ಊಟಕ್ಕೆ ಏನಿರುತ್ತೆ ಅನ್ನೋದೂ ಅವರದೇ ಪ್ರಶ್ನೆ.

ಸಂಪಾದಕರ ಉತ್ತರ: ನಿಮ್ಮ ತಂದೆಯವರ ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಂಥ ಕಂಪನಿ ಇಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮ ಕುಸಿಯಿತು. ಅದರಲ್ಲಿ ಸಿಕ್ಕಿಕೊಂಡಿದ್ದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ. ದೇಶದಲ್ಲೇ ಹೆಸರಾದ ಸಂಸ್ಥೆ ಅದು. 29 ಜನರನ್ನು ಕಳೆದುಕೊಂಡೆವು. ಹಾಗಾಗಿ ಯಾರಾದರೂ ‘ಗ್ಯಾರಂಟಿ’ ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ.

ಇನ್ನು ದುಡ್ಡಿನ ಮಾತು. ಇದು ನನಗಿಂತ ನಿಮ್ಮ ತಂದೆಯವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಕುಷ್ಟಗಿ ಕಡೆಯವರು ಅಂದಮೇಲೆ ಬೋರ್ ಹಾಕಿಸಿಯೇ ಇರುತ್ತಾರಲ್ವಾ? ಏಜೆಂಟ್ ಮೊದಲು ಹೇಳುವುದು ಅಡಿಗೆ ಇಷ್ಟು ಅಂತ. ಕೇಳಲು ಕಡಿಮೆ. ರಿಗ್ ಗಾಡಿ ಹೊಲಕ್ಕೆ ಬಂದು ನಿಂತ ಮೇಲೆ ಕೇಸಿಂಗ್ ಪೈಪಿಗೆ ಬೇರೆ, 300 ಅಡಿ ದಾಟಿದರೆ ರೇಟು ಬೇರೆ. ಬೆಟ್ಟದ ಕಂಪನಿಗಳದ್ದೂ ಹೀಗೇ. 48 ಸಾವಿರದಲ್ಲಿ ಬೂಟು, ಬೂಟಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್, ಹಿಮಕ್ಕೆ ಊರುವ ಕೊಡಲಿ ಐಸ್ ಆಕ್ಸ್ ಬಾಡಿಗೆ ಸೇರಿದೆಯೇ? ಹವಾಮಾನ ಕೆಟ್ಟು ಒಂದು ದಿನ ಜಾಸ್ತಿ ನಿಂತರೆ ಯಾರ ಖರ್ಚು? ನಿಮಗೆ ಹುಷಾರಿಲ್ಲ ಅಂತ ಅರ್ಧದಲ್ಲಿ ಇಳಿದರೆ ಜೊತೆಗೆ ಬರುವ ಆಳಿನ ಕೂಲಿ, ಲೇಹ್‌ವರೆಗಿನ ಗಾಡಿ ಬಾಡಿಗೆ? ಇದನ್ನೆಲ್ಲ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಆಮೇಲೆ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಈಗ ಕಾಣುವಷ್ಟು ಅಂತರ ಉಳಿಯುತ್ತದೋ ಇಲ್ಲವೋ!

ಆದರೆ ನನ್ನನ್ನು ಹೆದರಿಸಿದ್ದು 48 ಸಾವಿರವಲ್ಲ, ಆ 7 ದಿನ.

ಕೊಪ್ಪಳ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿದೆ. ಲೇಹ್ 3,500 ಮೀಟರ್. ವಿಮಾನದಲ್ಲಿ ಹೋದರೆ ಒಂದೇ ಬೆಳಗ್ಗೆ ಅಷ್ಟು ಎತ್ತರಕ್ಕೆ ಎಸೆದ ಹಾಗೆ. ತೆಳು ಗಾಳಿಗೆ ಮೈ ಒಗ್ಗಲು ಅಲ್ಲಿ ಎರಡು ದಿನವಾದರೂ ಸುಮ್ನೆ ಕೂರಬೇಕು. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಜಾಸ್ತಿ ಎತ್ತರ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎಂಬುದು ವೈದ್ಯರ ಲೆಕ್ಕ. ಕಾಂಗ್ ಯಾತ್ಸೆ ಬೇಸ್ ಕ್ಯಾಂಪ್ 5,000 ಮೀಟರಿನ ಆಸುಪಾಸು. ಶಿಖರ ಸುಮಾರು 6,250. ಈಗ ಬೆರಳು ಮಡಚಿ ಎಣಿಸಿ. ಲೇಹ್‌ನಲ್ಲಿ ಎರಡು ರಾತ್ರಿ, ಬೇಸ್ ಕ್ಯಾಂಪಿಗೆ ಕಮ್ಮಿಯೆಂದರೂ ಮೂರು, ನಡುವೆ ಒಂದು ವಿಶ್ರಾಂತಿ, ಶಿಖರಕ್ಕೆ ಒಂದು ದಿನ, ವಾಪಸ್ಸಿಗೆ ಒಂದು. ಹವಾಮಾನಕ್ಕೆ ಅಂತ ಇಟ್ಟುಕೊಳ್ಳುವ ದಿನ ಬೇರೆ. ಏಳರಲ್ಲಿ ಇದು ಹೇಗೆ ಹಿಡಿಸುತ್ತದೆ? ಕೇದಾರಕಂಠ 3,800 ಮೀಟರ್ ಚಿಲ್ಲರೆ. ಅಲ್ಲಿ ನಿಮಗೆ ಏನೂ ಆಗಲಿಲ್ಲ ಎಂಬುದು 5,500ರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ.

ಹಾಗಂತ 85 ಸಾವಿರದವರು ಒಳ್ಳೆಯವರು ಅಂತಲೂ ಹೇಳಲಾರೆ. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಬಿರುಗಾಳಿಗೆ ಎಂಟು ಜನ ಸತ್ತರು. ಅವರಲ್ಲಿ ರಾಬ್ ಹಾಲ್, ಸ್ಕಾಟ್ ಫಿಶರ್ ಇಬ್ಬರೂ ಆ ಕಾಲದ ಹೆಸರಾಂತ ತಂಡಗಳ ನಾಯಕರು. ಗಿರಾಕಿಗಳು 65 ಸಾವಿರ ಡಾಲರ್‌ವರೆಗೂ ಕೊಟ್ಟಿದ್ದರು. ಮಧ್ಯಾಹ್ನ ಎರಡಾದರೆ ಎಲ್ಲಿದ್ದರೂ ವಾಪಸ್ ಎಂಬ ಮಾತಿತ್ತು. ಎರಡು ದಾಟಿದ ಮೇಲೂ ಜನ ಹತ್ತುತ್ತಲೇ ಇದ್ದರು. ಅಷ್ಟು ದುಡ್ಡು ಕೊಟ್ಟವರಿಗೆ, ಶಿಖರ ಕಣ್ಣೆದುರು ಕಾಣುವಾಗ, ‘ಇಳಿಯಿರಿ’ ಅನ್ನುವುದು ಸುಲಭವಲ್ಲ.

ಇದು ನನ್ನ ಮೈಮೇಲೇ ಬಂದಿತ್ತು. ಕೆಲವು ವರ್ಷಗಳ ಹಿಂದೆ ಹಿಮಾಚಲದ ಒಂದು ಶಿಖರಕ್ಕೆ ಹೋಗಿದ್ದೆ. ಕಂಪನಿಯ ಹೆಸರು ಬೇಡ. ಜಾಹೀರಾತಿನಲ್ಲಿ ಇದ್ದದ್ದು ನುರಿತ ಗೈಡ್ ಒಬ್ಬರ ಫೋಟೊ. ಕ್ಯಾಂಪಿನಲ್ಲಿ ಸಿಕ್ಕಿದ್ದು ಇಪ್ಪತ್ತೊಂದರ ಹುಡುಗ. ಬೆಂಗಳೂರಿನವರು ಬುಕಿಂಗ್ ತಗೊಂಡು ಮನಾಲಿಯವರಿಗೆ ಕೊಟ್ಟಿದ್ದರು, ಅವರು ಇನ್ಯಾರಿಗೋ ಕೊಟ್ಟಿದ್ದರು. ಮೇಲಿನ ಕ್ಯಾಂಪಿನಲ್ಲಿ ನನಗೆ ತಲೆನೋವು, ವಾಂತಿ. ಹುಡುಗ ‘ಇನ್ನು ಸ್ವಲ್ಪ ಸರ್, ಇನ್ನು ಸ್ವಲ್ಪ’ ಅನ್ನುತ್ತಲೇ ಇದ್ದ. ಪಾಪ, ಅವನದೇನೂ ತಪ್ಪಿಲ್ಲ, ನಿಲ್ಲಿಸುವ ಅಧಿಕಾರ ಅವನಿಗೆ ಇರಲೇ ಇಲ್ಲ. ಅಡುಗೆಯವರು ನೋಡಿದರು. ಕುಡಿದವರ ಹಾಗೆ ಹೆಜ್ಜೆ ಹಾಕುತ್ತಿದ್ದೇನೆ ಅಂದರು. ಮಿದುಳಿಗೆ ನೀರು ಇಳಿಯುತ್ತಿರುವ ಲಕ್ಷಣ ಅದು. ಆ ರಾತ್ರಿಯೇ ನನ್ನ ಕೈ ಹಿಡಿದು ಇಳಿಸಿದರು. ಬೆಳಗಾಗುವಷ್ಟರಲ್ಲಿ 600 ಮೀಟರ್ ಕೆಳಗಿದ್ದೆವು, ತಲೆ ತಿಳಿಯಾಗಿತ್ತು.

ಹಾಗಾಗಿ ಎಷ್ಟು ಜನ ಶಿಖರ ಮುಟ್ಟಿದರು ಅಂತ ಕೇಳಬೇಡಿ. ಹೋದ ವರ್ಷ ಎಷ್ಟು ಜನರನ್ನು, ಯಾವ ಕಾರಣಕ್ಕೆ, ಎಲ್ಲಿಂದ ವಾಪಸ್ ಕಳಿಸಿದಿರಿ ಅಂತ ಕೇಳಿ. ತಡವರಿಸದೆ ಹೇಳಿದರೆ ಅರ್ಧ ನಂಬಬಹುದು. ನನ್ನ ಜೊತೆ ಒಂದೇ ಹಗ್ಗ ಕಟ್ಟಿಕೊಂಡು ಹತ್ತುವ ಗೈಡ್ ಯಾರು, ಅವರ ಹೆಸರೇನು, ಎಲ್ಲಿ ಕೋರ್ಸ್ ಮಾಡಿದ್ದಾರೆ, ಆ ಶಿಖರಕ್ಕೆ ಎಷ್ಟು ಸಲ ಹೋಗಿದ್ದಾರೆ ಅಂತ ಕೇಳಿ. ಅವರ ಜೊತೆಗೇ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿಸಿ ಅನ್ನಿ. ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅನುಮತಿ ಪತ್ರದ ಪ್ರತಿ ಕೇಳಿ, ಅದರಲ್ಲಿ ಯಾರ ಹೆಸರಿದೆ ನೋಡಿ. ನಿಜವಾಗಿ ಕರೆದೊಯ್ಯುವವರು ಯಾರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮ್ಲಜನಕದ ಸಿಲಿಂಡರ್ ಬೇಸ್ ಕ್ಯಾಂಪಿನಲ್ಲೇ ಇರುತ್ತದೋ, ಲೇಹ್‌ನ ಆಫೀಸಿನಲ್ಲೋ? ತಂಡದಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೋ, ಟೆಂಟ್ ಯಾರ ಜೊತೆ? ಸಂಕೋಚ ಬೇಡ, ಕೇಳಿ. ‘ನಮ್ಮ ಹತ್ರ ಸ್ಯಾಟಲೈಟ್ ಫೋನ್ ಇದೆ’ ಅಂದರೆ ದೂರಸಂಪರ್ಕ ಇಲಾಖೆಯ ಪರವಾನಗಿ ತೋರಿಸಿ ಅನ್ನಿ. ಅದಿಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮೆಯ ಪತ್ರದಲ್ಲಿ ಎಷ್ಟು ಎತ್ತರದವರೆಗೆ ಎಂಬ ಸಾಲು ಹುಡುಕಿ ಓದಿ.

ಸಾಣಾಪುರದ ಬಗ್ಗೆ ಒಂದು ಮಾತು, ಬೇಜಾರಾಗಬೇಡಿ. ಆ ಬಂಡೆ ಬೆರಳಿಗೆ ಬಲ ಕೊಡುತ್ತದೆ, ಎತ್ತರದ ಭಯ ಬಿಡಿಸುತ್ತದೆ. ಹಿಮದಲ್ಲಿ ಜಾರಿದಾಗ ಐಸ್ ಆಕ್ಸ್ ಊರಿ ನಿಲ್ಲುವುದನ್ನು ಅದು ಕಲಿಸುವುದಿಲ್ಲ. ನನ್ನನ್ನು ಕೇಳಿದರೆ ಈ ವರ್ಷ ಎರಡು ಕಂಪನಿಯೂ ಬೇಡ. ಉತ್ತರಕಾಶಿಯಲ್ಲೋ, ಡಾರ್ಜಿಲಿಂಗಿನಲ್ಲೋ, ಮನಾಲಿಯಲ್ಲೋ ನಾಲ್ಕು ವಾರದ ಬೇಸಿಕ್ ಪರ್ವತಾರೋಹಣ ಕೋರ್ಸಿಗೆ ಅರ್ಜಿ ಹಾಕಿ. ಸೀಟು ಬೇಗ ತುಂಬುತ್ತದೆ, ಶಾಲೆಯಲ್ಲಿ ರಜೆ ಸಿಗುವುದೂ ಕಷ್ಟವೇ. ಆದರೂ ಆ ನಾಲ್ಕು ವಾರದಲ್ಲಿ ಒಳ್ಳೆಯ ಗೈಡ್ ಅಂದರೆ ಹೇಗಿರುತ್ತಾರೆ ಎಂಬುದು ನಿಮಗೇ ತಿಳಿಯುತ್ತದೆ. ಅಲ್ಲಿಯವರೆಗೆ ವಾರಕ್ಕೆರಡು ಸಲ ಬೆನ್ನಿಗೆ ಹತ್ತು ಕಿಲೋ ಹೊತ್ತು ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ಇಳಿಯಿರಿ, ಬಿಸಿಲೇರುವ ಮುಂಚೆ.

ಊಟದ ಪ್ರಶ್ನೆ ಬಾಕಿ. ದಾಲ್, ಅನ್ನ, ಚಪಾತಿ, ಮ್ಯಾಗಿ ಇರುತ್ತದೆ. ಆದರೆ ಎತ್ತರಕ್ಕೆ ಹೋದ ಹಾಗೆ ಹಸಿವೇ ಸತ್ತುಹೋಗುತ್ತದೆ, ಏನು ಕೊಟ್ಟರೂ ಬಾಯಿಗೆ ಸೇರುವುದಿಲ್ಲ. ಅಮ್ಮನ ಕೈಲಿ ಶೇಂಗಾ ಚಟ್ನಿಪುಡಿ ಮಾಡಿಸಿಕೊಳ್ಳಿ, ಎರಡು ಡಬ್ಬಿ. ನಾನು ಒಂದೇ ಒಯ್ದಿದ್ದೆ. ಎರಡನೇ ದಿನಕ್ಕೇ ಅದು ಅಡುಗೆ ಟೆಂಟಿನವರ ಪಾಲಾಯಿತು.