ನಮ್ಮ ಶೆಡ್ಡಿನಲ್ಲಿ ಹುಡುಗನ ಬೆರಳು ಹೋಯಿತು, ಮಾಲೀಕನಾಗಿ ನಾನೇನು ಮಾಡಬೇಕು?

ಪುಣೆ ಹತ್ತಿರದ ಚಾಕಣದಲ್ಲಿ 14 ಜನರ ಶೆಡ್, ನಿನ್ನೆ ಲೋಹ ಒತ್ತುವ ಪ್ರೆಸ್ ಮಷೀನಿನಲ್ಲಿ ಹುಡುಗನ ತೋರುಬೆರಳಿನ ತುದಿ ಹೋಗಿದೆ, ಹತ್ತು ಸಾವಿರ ಕೊಟ್ಟು ಊರಿಗೆ ಕಳಿಸಿಬಿಡಿ ಅಂತ ಠೇಕೇದಾರ ಹೇಳುತ್ತಿದ್ದಾನೆ, ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬೇಡಿ ಸಾರ್.

ನಾನು ವಿಜಯಪುರದ ಕಡೆಯವನು. ಪುಣೆ ಕಡೆಯ ಭೋಸರಿಯ ಪ್ರೆಸ್ ಶಾಪಿನಲ್ಲಿ 18 ವರ್ಷದಿಂದ ಇದ್ದೇನೆ. ಒಂದು ರಾತ್ರಿ ಪಾಳಿಯಲ್ಲಿ ನಮ್ಮೂರ ಕಡೆಯ ಹುಡುಗನ ಎರಡು ಬೆರಳು ಪ್ರೆಸ್ಸಿನ ಡೈಗೆ, ಅಂದರೆ ಅಚ್ಚಿಗೆ, ಸಿಕ್ಕವು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಓಡಿದೆವು. ತುಂಡಾದ ಬೆರಳನ್ನು ನೇರ ಐಸಿನಲ್ಲಿ ಹಾಕಿಕೊಂಡು ಹೋಗಿದ್ದೆವು, ಡಾಕ್ಟರ್ ಸರಿಯಾಗಿ ಬೈದರು. ಸ್ವಚ್ಛ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಬೇಕಂತೆ. ಯಾರಿಗೆ ಗೊತ್ತಿತ್ತು?

ಅದಕ್ಕಿಂತ ದೊಡ್ಡ ತಪ್ಪು ಬೇರೆ. ದಾರಿಯಲ್ಲೇ ನಮ್ಮ ಮಾಲೀಕ ಸೇಠ್ ಫೋನ್ ಮಾಡಿ "ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು ಅಂತ ಬರೆಸು" ಅಂದರು. ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಹಾಗೇ ಬರೆಸಿದೆ. ನಾನೇ. ಆಮೇಲೆ ಆ ಒಂದು ಸಾಲು ತಿಂಗಳುಗಟ್ಟಲೆ ಕಾಡಿತು. ಯಾವ ಕಾಗದ ತಗೊಂಡು ಹೋದರೂ "ಮೊದಲ ಕೇಸ್ ಪೇಪರಿನಲ್ಲಿ ಮನೆ ಅಂತಿದೆಯಲ್ಲ" ಅನ್ನೋರು. ಅವರದೇನು ತಪ್ಪು? ಹಾಗಾಗಿ ಮೊದಲು ನಿಮ್ಮ ಹುಡುಗನ ಕೇಸ್ ಪೇಪರ್ ತೆಗೆದು ನೋಡಿ, ಅಲ್ಲಿ ಪ್ರೆಸ್ ಅಂತ ಇದೆಯೋ ಇನ್ನೇನೋ ಇದೆಯೋ. ತಪ್ಪಿದ್ದರೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ ನಿಜ ಹೇಳಿ.

ಹತ್ತು ಜನಕ್ಕಿಂತ ಜಾಸ್ತಿ ಇದ್ದೀರಿ, ಅಂದರೆ ಇಎಸ್ಐ, ಅಂದರೆ ಸರ್ಕಾರದ ಕಾರ್ಮಿಕರ ವಿಮೆ, ಬರುತ್ತದೆ. ಅವನ ತಿಂಗಳ ಸಂಬಳ ಅದರ ಮಿತಿಯಾದ 21,000ದ ಒಳಗೇ ಇರುತ್ತದೆ, ಅಲ್ವಾ? ಅಪಘಾತದ ವರದಿ ಇಎಸ್ಐಗೆ 24 ಗಂಟೆಯೊಳಗೆ ಹೋಗಬೇಕು, ಇದನ್ನು ಓದಿ ಮುಗಿಸಿದ ಕೂಡಲೇ ಕಳಿಸಿ. ಠೇಕೇದಾರನ ಹುಡುಗ, ನನಗೇನು ಅನ್ನುವ ಹಾಗಿಲ್ಲ, ವಂತಿಗೆ ಕಟ್ಟುವ ಹೊಣೆ ನಿಮ್ಮದೇ, ಬೇಕಿದ್ದರೆ ಆಮೇಲೆ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಿ. ಕೆಲಸಕ್ಕೆ ಸೇರಿ ಒಂದೇ ದಿನ ಆಗಿದ್ದರೂ ಕೆಲಸದ ಗಾಯಕ್ಕೆ ಸೌಲಭ್ಯ ಉಂಟು. ವಾಸಿಯಾಗುವವರೆಗೆ ದಿನಗೂಲಿಯ ಶೇಕಡಾ 90 ಅವನಿಗೆ ಸಿಗುತ್ತದೆ. ತೋರುಬೆರಳಿನ ಒಂದು ಗೆಣ್ಣು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 9 ನಷ್ಟ ಅಂತ ಕಾನೂನಿನ ಪಟ್ಟಿಯಲ್ಲೇ ಇದೆ, ಆ ಲೆಕ್ಕದ ಹಣ ಬೇರೆ. ಠೇಕೇದಾರನ ಹತ್ತು ಸಾವಿರಕ್ಕೆ ಸಹಿ ಹಾಕಿಸಿಕೊಂಡರೂ ಈ ಹಕ್ಕು ಹೋಗುವುದಿಲ್ಲ, ಸುಮ್ನೆ ನಿಮ್ಮ ಮೇಲೆ ಅನುಮಾನ ಬರುತ್ತದೆ ಅಷ್ಟೆ. ನೋಂದಣಿಯೇ ಮಾಡಿಸಿಲ್ಲ ಅಂದರೆ? ಈಗ ಹಿಂದಿನ ತಾರೀಖು ಹಾಕಿ ಆಟ ಆಡಬೇಡಿ. ಇಎಸ್ಐ ಅವನಿಗೆ ಕೊಟ್ಟ ಹಣವನ್ನು ನಿಮ್ಮಿಂದ ವಸೂಲಿ ಮಾಡಬಹುದು. ಮಾಡಲಿ, ಕಟ್ಟಿ.

ಆ ಪ್ರೆಸ್ಸನ್ನು ಸದ್ಯ ನಿಲ್ಲಿಸಿ. ಕಾಲಿನ ಪೆಡಲ್ ಮೇಲೆ ಓಡಿಸುತ್ತಿದ್ದೀರಾ? ನಮ್ಮಲ್ಲೂ ಹಾಗೇ ಇತ್ತು, ಕೈ ಒಳಗಿದ್ದಾಗಲೇ ಕಾಲು ಒತ್ತಿಬಿಡುತ್ತದೆ. ಗಾರ್ಡ್ ಇದ್ದರೂ ಪೀಸು ಜಾಸ್ತಿ ಬರಲಿ ಅಂತ ಬಿಚ್ಚಿಟ್ಟಿದ್ದೆವು. ಈಗ ಎರಡು ಕೈಯಿಂದಲೂ ಬಟನ್ ಒತ್ತಿದರೆ ಮಾತ್ರ ಇಳಿಯುವ ಹಾಗೆ ಮಾಡಿಸಿದ್ದೇವೆ. ಯಾರ ತಪ್ಪು ಅಂತ ಹುಡುಗನನ್ನು ಆಸ್ಪತ್ರೆಯ ಮಂಚದ ಹತ್ತಿರ ನಿಂತು ವಿಚಾರಿಸಬೇಡಿ. ಪಕ್ಕದ ಮಷೀನಿನವರನ್ನು ಕೇಳಿ, ಅವರಿಗೆ ಎಲ್ಲಾ ಗೊತ್ತಿರುತ್ತದೆ.

ಅವನ ಮನೆಗೆ ಫೋನ್ ಮಾಡುವುದನ್ನು ಠೇಕೇದಾರನಿಗೆ ಬಿಡಬೇಡಿ. ಅಪ್ಪನ ಹತ್ತಿರ ನೀವೇ ಮಾತಾಡಿ, ವಾಸಿಯಾದ ಮೇಲೆ ಕೆಲಸ ಇದೆ ಅಂತ ನಿಮ್ಮ ಬಾಯಿಂದಲೇ ಹೇಳಿ. ಹುಡುಗ ನಮ್ಮ ಕಡೆಯವನಾಗಿದ್ದು ಅವರಿಗೆ ಹಿಂದಿ ಬರದಿದ್ದರೆ ತಿಳಿಸಿ, ನಾನು ಮಾತಾಡುತ್ತೇನೆ.