ಬಳೆಯೋ ಹೋಳಿಗೆಯೋ?

ಪ್ರಶ್ನೆ: 'ವೃತ್ತದ ಕೇಂದ್ರವು ವೃತ್ತದ ಮೇಲಿರುವ ಬಿಂದುವೇ?' ಎಂಬ ಪ್ರಶ್ನೆಗೆ ಮಗಳು 'ಹೌದು' ಎಂದು ಬರೆದು ಒಂದು ಅಂಕ ಕಳೆದುಕೊಂಡಳು. ಗಣಗಳ ಪಾಠದಲ್ಲಿ ವೃತ್ತದ ಒಳಗಿರುವುದೆಲ್ಲ ಅದಕ್ಕೇ ಸೇರಿದ್ದು ಎಂದಿದ್ದರಲ್ಲ ಅಂತ ಅವಳ ವಾದ. ಏನು ಹೇಳಲಿ?

ಉತ್ತರ: ಅವಳನ್ನು ಬೈಯಬೇಡಿ. ಎರಡು ಪಾಠದಲ್ಲೂ ಚಿತ್ರ ಒಂದೇ, ಅದು ಮಾಡುವ ಕೆಲಸ ಬೇರೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ರೇಖಾಗಣಿತದ ವೃತ್ತ ಬಳೆ ಇದ್ದ ಹಾಗೆ, ಹೋಳಿಗೆ ಇದ್ದ ಹಾಗಲ್ಲ. ಹಾಳೆಯ ಮೇಲೆ 3 ಸೆಂ.ಮೀ. ತ್ರಿಜ್ಯದ ವೃತ್ತ ಎಂದರೆ ಕೇಂದ್ರದಿಂದ ಸರಿಯಾಗಿ 3 ಸೆಂ.ಮೀ. ದೂರದಲ್ಲಿರುವ ಎಲ್ಲ ಬಿಂದುಗಳ ಗಣ, ಅಷ್ಟೇ. 2.9 ಆದರೂ ಸೇರಿಸುವುದಿಲ್ಲ, 3.1 ಆದರೂ ಇಲ್ಲ. ಕೇಂದ್ರ ತನ್ನಿಂದ ತಾನೇ ಎಷ್ಟು ದೂರ? ಸೊನ್ನೆ. ಹಾಗಾಗಿ ಕೇಂದ್ರಕ್ಕೆ ಆ ಗಣದಲ್ಲಿ ಜಾಗವಿಲ್ಲ, ಪಾಪ.

ಗಣಗಳ ಪಾಠದಲ್ಲಿ ಬರುವ ವೆನ್ ಚಿತ್ರದ ವೃತ್ತ ಸುಮ್ನೆ ಒಂದು ಬೇಲಿ. ಅಲ್ಲಿ ಗೆರೆಗೆ ಬೆಲೆಯಿಲ್ಲ, ಒಳಗೆ ಯಾರಿದ್ದಾರೆ ಅನ್ನುವುದೇ ಮುಖ್ಯ. ಬೇಲಿ ಕೋಳಿಮೊಟ್ಟೆಯ ಆಕಾರದಲ್ಲಿದ್ದರೂ ನಡೆಯುತ್ತದೆ.

ಮನೆಯಲ್ಲಿ 10 ಜನ ಅಂದುಕೊಳ್ಳಿ. ಕಾಫಿ ಕುಡಿಯುವವರು 6, ಟೀ ಕುಡಿಯುವವರು 5, ಎರಡನ್ನೂ ಮುಟ್ಟದ ಮಕ್ಕಳು 2. ಆರು ಐದು ಹನ್ನೊಂದು, ಮಕ್ಕಳೂ ಸೇರಿದರೆ ಹದಿಮೂರು! ಮೂರು ಜನ ಎಲ್ಲಿಂದ ಬಂದರು? ಎಲ್ಲಿಂದಲೂ ಬಂದಿಲ್ಲ, ಬೆಳಿಗ್ಗೆ ಕಾಫಿ ಸಂಜೆ ಟೀ ಅನ್ನುವ ಮೂವರನ್ನು ನಾವೇ ಎರಡೆರಡು ಸಲ ಎಣಿಸಿದ್ದೇವೆ. ಎರಡು ಬೇಲಿ ಒಂದರ ಮೇಲೊಂದು ಬಿದ್ದಿರುವ ಜಾಗದಲ್ಲಿ ನಿಂತವರು ಅವರು. ಅದೇ ಛೇದನ ಗಣ.

ಪ್ರಶ್ನೆ: ನಾಲ್ಕು ಗಣಗಳಿಗೆ ನಾಲ್ಕು ವೃತ್ತ ಬರೆದು ವೆನ್ ಚಿತ್ರ ಮಾಡಲು ಎಷ್ಟು ಒದ್ದಾಡಿದರೂ ಆಗುತ್ತಿಲ್ಲ. ತಪ್ಪೆಲ್ಲಿ?

ಉತ್ತರ: ತಪ್ಪು ನಿಮ್ಮದಲ್ಲ, ವೃತ್ತದ್ದು. ಒಂದೊಂದು ಗಣಕ್ಕೂ ಒಳಗೆ ಅಥವಾ ಹೊರಗೆ ಅಂತ ಎರಡು ದಾರಿ, ಅಲ್ವಾ? ಎರಡು ಗಣಕ್ಕೆ 4 ಭಾಗ ಬೇಕು, ಮೂರಕ್ಕೆ 8, ನಾಲ್ಕಕ್ಕೆ 16. ಆದರೆ ನಾಲ್ಕು ವೃತ್ತಗಳನ್ನು ಹೇಗೇ ಜೋಡಿಸಿದರೂ ಹೊರಗಿನದೂ ಸೇರಿ 14 ಭಾಗಕ್ಕಿಂತ ಜಾಸ್ತಿ ಬರುವುದಿಲ್ಲ, ಯಾಕೆಂದರೆ ಎರಡು ವೃತ್ತಗಳು ಹೆಚ್ಚೆಂದರೆ ಎರಡೇ ಕಡೆ ಕತ್ತರಿಸುತ್ತವೆ. 1880ರಲ್ಲಿ ಈ ಚಿತ್ರಗಳ ಬಗ್ಗೆ ಬರೆದ ಇಂಗ್ಲೆಂಡಿನ ಜಾನ್ ವೆನ್ ಅವರೇ ನಾಲ್ಕು ಗಣ ಬಂದಾಗ ವೃತ್ತ ಬಿಟ್ಟು ದೀರ್ಘವೃತ್ತ ಹಿಡಿದರು. ಎರಡು ದೀರ್ಘವೃತ್ತಗಳು ನಾಲ್ಕು ಕಡೆ ಕತ್ತರಿಸಬಲ್ಲವು. ಓರೆಯಾಗಿ, ಬೆರಳು ಹೆಣೆದ ಹಾಗೆ ಬರೆದು ನೋಡಿ, ಹದಿನಾರೂ ಸಿಗುತ್ತವೆ.